ತಾಜಾ ಡುರಿಯನ್ ತಿನ್ನೋಕೆ ತುಮಕೂರಿನಿಂದ ಎಲ್ಲಿಗೆ ಹೋಗಬೇಕು?

ಗುಬ್ಬಿ ತೋಟದವ

ನಮಸ್ಕಾರ ಎಲ್ಲರಿಗೂ. ಹಣ್ಣಿನ ಹುಚ್ಚು ಇರುವವರು ಇಲ್ಲಿ ಬೇಕಾದಷ್ಟು ಜನ ಇದ್ದೀರಿ, ಅದಕ್ಕೆ ಇಲ್ಲೇ ಕೇಳುತ್ತಿದ್ದೇನೆ. ಡುರಿಯನ್ ಹಣ್ಣನ್ನು ತೋಟಕ್ಕೇ ಹೋಗಿ, ಮರದ ಕೆಳಗೆ ಕೂತು ತಿನ್ನಬೇಕು ಅಂತ ಆಸೆ. ಬೆಂಗಳೂರಿನ ಒಂದು ದೊಡ್ಡ ಅಂಗಡಿಯಲ್ಲಿ ಫ್ರೀಜರ್‌ನಲ್ಲಿಟ್ಟ ಥಾಯ್ಲೆಂಡ್ ಮಾಲು ಸಿಕ್ಕಿತ್ತು. ನಾಲ್ಕೇ ತೊಳೆ, ಬೆಲೆ ಮಾತ್ರ ಕೈ ಸುಡುವಷ್ಟು. ತಿಂದರೆ ಬರೀ ಸಿಹಿ. ವಾಸನೆಯೂ ಅಷ್ಟಕ್ಕಷ್ಟೇ. ಹೋಟೆಲ್ ಒಳಗೆ ಬಿಡಲ್ಲ, ರೈಲಿಗೆ ಹತ್ತಿಸಲ್ಲ ಅಂತೆಲ್ಲ ಹೇಳುತ್ತಾರಲ್ಲ, ಆ ಹಣ್ಣು ಇದೇನಾ ಅಂತ ಅನುಮಾನ ಬಂತು.

ನಮ್ಮ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಕಡೆ ಯಾರಾದರೂ ಇದನ್ನು ಬೆಳೆದಿದ್ದಾರಾ? ಇಲ್ಲ ಅಂದರೆ ಶನಿವಾರ ಹೊರಟು ಭಾನುವಾರ ರಾತ್ರಿ ವಾಪಸ್ ಬರುವಷ್ಟು ದೂರದಲ್ಲಿ ಎಲ್ಲಿ ಸಿಗುತ್ತೆ, ಯಾವ ತಿಂಗಳು ಹೋಗಬೇಕು? ಜೊತೆಗೆ ಅಮ್ಮ ಬರುತ್ತಾರೆ. ಅವರಿಗೆ ಶುಗರ್ ಇದೆ, ಆದರೆ ಹಲಸಿನ ಹಣ್ಣು ಕಂಡರೆ ಬಿಡುವವರಲ್ಲ, ಇದನ್ನೂ ಬಿಡುವುದಿಲ್ಲ ಅಂತ ಗೊತ್ತು.

ಇನ್ನೊಂದು ವಿಷಯ. ಕೃಷಿ ಮೇಳದಲ್ಲಿ ಒಬ್ಬ ನರ್ಸರಿಯವರು ಕಸಿ ಗಿಡ ತೋರಿಸಿ, ಅಡಿಕೆ ಮಧ್ಯೆ ಹಾಕಿ, ಮೂರನೇ ವರ್ಷಕ್ಕೆ ಹಣ್ಣು ಗ್ಯಾರಂಟಿ ಅಂದರು. ರೇಟು ಕೇಳಿ ಸುಮ್ನೆ ಎದ್ದು ಬಂದೆ. ಆದರೂ ತಲೆಯಲ್ಲಿ ಕೊರೆಯುತ್ತಾನೇ ಇದೆ. ಹಾಕಬಹುದಾ?

ಮಾವಿನ ಮಂಡಿ, ಶ್ರೀನಿವಾಸಪುರ

ಗುರು, ಜೂನ್‌ನಲ್ಲಿ ನಮ್ಮ ಶ್ರೀನಿವಾಸಪುರಕ್ಕೆ ಬನ್ನಿ. ಬಾದಾಮಿ, ಮಲ್ಲಿಕಾ, ಬೇನಿಷಾ, ಹೊಟ್ಟೆ ಬಿರಿಯುವಷ್ಟು ತಿನ್ನಿಸಿ ಕಳಿಸುತ್ತೇನೆ. ಗಬ್ಬು ವಾಸನೆ ಹಣ್ಣಿಗೆ ಪೆಟ್ರೋಲ್ ಸುಟ್ಟುಕೊಂಡು ಹೋಗುವವರನ್ನು ಇವತ್ತೇ ನೋಡಿದ್ದು.

ಕಲ್ಪತರು ನಾಡು

ದೂರ ಯಾಕೆ ಹೋಗುತ್ತೀರಿ ಸಾರ್? ತಿಪಟೂರು ಹತ್ತಿರ ನಮ್ಮ ದೊಡ್ಡಪ್ಪನ ತೋಟದಲ್ಲೇ ಡುರಿಯನ್ ಮರ ಇದೆ. ಹಸಿರು ಕಾಯಿ, ಮೈಯೆಲ್ಲ ಮುಳ್ಳು. ಒಳಗೆ ಬಿಳಿ ತಿರುಳು, ಹುಳಿ-ಸಿಹಿ, ಕಪ್ಪು ಬೀಜ. ಕ್ಯಾನ್ಸರಿಗೆ ಒಳ್ಳೆಯದು ಅಂತ ಜನ ಎಲೆ ಕೇಳಿಕೊಂಡು ಬರುತ್ತಾರೆ.

ಪೆನಾಂಗ್ ರಿಟರ್ನ್, ಕೋಲಾರ

ಕಲ್ಪತರು ಅವರೇ, ನೀವು ಹೇಳಿದ್ದು ಲಕ್ಷ್ಮಣಫಲ, ಡುರಿಯನ್ ಅಲ್ಲ. ಅದು ಸೀತಾಫಲ, ರಾಮಫಲದ ಬಳಗ. ಅದರ ಮುಳ್ಳು ಮೆತ್ತಗೆ, ಕೈಯಲ್ಲಿ ಹಿಡಿದು ಎತ್ತಬಹುದು. ಡುರಿಯನ್ ಮುಳ್ಳಿಗೆ ಬರಿಗೈ ಹಾಕಿದರೆ ರಕ್ತ ಬರುತ್ತೆ, ತೊಟ್ಟು ಹಿಡಿದೇ ಎತ್ತಬೇಕು, ಇಲ್ಲ ದಪ್ಪ ಗ್ಲೌಸ್ ಬೇಕು. ಹಲಸಿಗೂ ಡುರಿಯನ್‌ಗೂ ಸಂಬಂಧ ಇಲ್ಲ, ನೋಡೋಕೆ ಮಾತ್ರ ಹಾಗೆ. ಹಲಸು ಆಲ, ಅತ್ತಿಯ ಬಳಗ. ಡುರಿಯನ್ನು ದಾಸವಾಳ, ಹತ್ತಿ, ಬೂರುಗದ ಬಳಗ. ಎಲೆಯಿಂದ ಕ್ಯಾನ್ಸರ್ ವಾಸಿಯಾಗುತ್ತೆ ಅನ್ನೋದಕ್ಕೆ ಮನುಷ್ಯರಲ್ಲಿ ಪುರಾವೆ ಇಲ್ಲ, ದಯವಿಟ್ಟು ಆ ಮಾತು ಹಬ್ಬಿಸಬೇಡಿ.

ಗುಬ್ಬಿಯವರೇ, ನಿಮ್ಮ ಫ್ರೀಜರ್ ಪ್ಯಾಕೆಟ್ಟಿನ ವಿಷಯಕ್ಕೆ ಬರುತ್ತೇನೆ. ಕೆಲಸದ ಮೇಲೆ ಕೆಲವು ಕಾಲ ಮಲೇಷ್ಯಾದ ಪೆನಾಂಗ್‌ನಲ್ಲಿದ್ದೆ, ಅಲ್ಲಿನ ತೋಟಗಳಿಗೆ ಹೋಗಿ ತಿಂದಿದ್ದೇನೆ. ಥಾಯ್ಲೆಂಡಿನವರು ಹಣ್ಣನ್ನು ಮರದಿಂದ ಕೊಯ್ಯುತ್ತಾರೆ. ಬಲಿತಿದೆಯಾ ಅಂತ ಕೋಲಲ್ಲಿ ತಟ್ಟಿ ಸದ್ದು ಕೇಳಿ ಕೊಯ್ದು, ಆಮೇಲೆ ಹಣ್ಣಾಗಿಸುತ್ತಾರೆ. ಹೊರದೇಶಕ್ಕೆ ಕಳಿಸೋಕೆ ಅದೇ ಅನುಕೂಲ. ಅವರ ಮುಖ್ಯ ತಳಿ ಮೊಂಥಾಂಗ್, ದಪ್ಪ ತೊಳೆ, ಸಿಹಿ ಜಾಸ್ತಿ, ವಾಸನೆ ಕಮ್ಮಿ. ನೀವು ತಿಂದಿದ್ದು ಬಹುಶಃ ಅದೇ. ಮೇಲಿಂದ ಐಸ್ ಮಾಡಿದರೆ ಇದ್ದ ವಾಸನೆಯೂ ಅಡಗುತ್ತೆ. ಮಲೇಷ್ಯಾದಲ್ಲಿ ಕೊಯ್ಯುವುದಿಲ್ಲ. ತಾನಾಗಿ ಬೀಳಬೇಕು. ಬೀಳುವುದು ಹೆಚ್ಚಾಗಿ ರಾತ್ರಿ ಹೊತ್ತು. ಮರದ ಕೆಳಗೆ ಬಲೆ ಕಟ್ಟಿರುತ್ತಾರೆ, ಹಣ್ಣು ಒಡೆಯದಿರಲಿ ಅಂತ. ಬೆಳಗ್ಗೆ ಬೇಗ ಆಳುಗಳು ಬುಟ್ಟಿ ತೆಗೆದುಕೊಂಡು ಗುಡ್ಡ ಹತ್ತಿ ಆಯ್ದು ತರುತ್ತಾರೆ. ಎರಡು-ಮೂರು ಕೆ.ಜಿ. ತೂಗುವ ಮುಳ್ಳಿನ ಗುಂಡು ಎಂಬತ್ತು-ತೊಂಬತ್ತು ಅಡಿ ಎತ್ತರದಿಂದ ತಲೆ ಮೇಲೆ ಬಿದ್ದರೆ ಕಥೆ ಮುಗಿಯಿತು, ಅದಕ್ಕೆ ಕೆಲವರು ಹೆಲ್ಮೆಟ್ ಹಾಕಿಕೊಂಡೇ ಹೋಗುತ್ತಾರೆ. ಹಾಗಾಗಿ "ಮರದ ಕೆಳಗೆ ಕೂತು" ಅನ್ನೋ ನಿಮ್ಮ ಆಸೆ ಸ್ವಲ್ಪ ಬದಲಾಯಿಸಿಕೊಳ್ಳಿ. ಸೀಸನ್‌ನಲ್ಲಿ ಯಾರೂ ನಿಮ್ಮನ್ನು ಮರದ ಕೆಳಗೆ ಕೂರಿಸಲ್ಲ, ಶೀಟು ಹೊದಿಸಿದ ಶೆಡ್ಡಲ್ಲಿ ಕೂರಿಸುತ್ತಾರೆ.

ಪೆನಾಂಗ್ ದ್ವೀಪದ ಬಾಲಿಕ್ ಪುಲಾವ್ ಅನ್ನೋ ಕಡೆ ಇಂಥ ಗುಡ್ಡದ ತೋಟಗಳು ಜಾಸ್ತಿ. ಅಲ್ಲಿ ಕ್ರಮ ಹೀಗೆ. ತೋಟದವರು ಅವತ್ತು ಬಿದ್ದಿದ್ದರಲ್ಲಿ ಒಂದನ್ನು ಎತ್ತಿ ಕಿವಿ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ಬೀಜ ಒಳಗೆ ಮೆಲ್ಲಗೆ ಅಲುಗಾಡಿದ ಸದ್ದು ಬಂದರೆ ಹದ ಆಗಿದೆ ಅಂತ ಲೆಕ್ಕ. ತೊಟ್ಟು ಹಸಿಯಾಗಿದೆಯಾ ನೋಡುತ್ತಾರೆ, ಒಣಗಿದ್ದರೆ ನಿನ್ನೆ-ಮೊನ್ನೆಯದ್ದು. ಆಮೇಲೆ ಹಣ್ಣನ್ನು ತಲೆಕೆಳಗು ಮಾಡಿ, ಬುಡದಲ್ಲಿ ಗೆರೆಗಳು ಕೂಡುವ ಕಡೆ ಚೂರಿ ತುದಿ ಚುಚ್ಚಿ ತಿರುಗಿಸಿದರೆ ಬಿರುಕು ಬಿಡುತ್ತೆ. ಒಳಗೆ ಸಾಮಾನ್ಯವಾಗಿ ಐದು ಖಾನೆ. ಒಂದೊಂದು ಖಾನೆಯಲ್ಲಿ ಎರಡೋ ಮೂರೋ ತೊಳೆ, ಮೇಲೆ ತೆಳ್ಳಗೆ ಸುಕ್ಕು ಸುಕ್ಕಾದ ಪೊರೆ. ಬೆರಳಿಟ್ಟರೆ ಗುಳಿ ಬೀಳುತ್ತೆ, ಎತ್ತಿದರೆ ಮಾತ್ರ ಆಕಾರ ಬಿಡಲ್ಲ. ಹಲಸಿನ ಹಾಗೆ ಅಂಟು ಇಲ್ಲ, ಕೈಗೆ ಎಣ್ಣೆ ಹಚ್ಚಿಕೊಳ್ಳಬೇಕಾಗಿಲ್ಲ. ರುಚಿ ಹೇಳೋದು ಕಷ್ಟ. ಕೆನೆಗಟ್ಟಿದ ಹಾಲು ಪಾಯಸಕ್ಕೆ ಯಾರೋ ಹುರಿದ ಈರುಳ್ಳಿ ಬೆರೆಸಿದ ಹಾಗೆ, ಹಿಂದಿನಿಂದ ಸಣ್ಣಗೆ ಕಹಿ. ಆ ಕಹಿಯೇ ಮುಖ್ಯ. ಮುಸಾಂಗ್ ಕಿಂಗ್ ಅಂತ ಒಂದು ತಳಿ ಇದೆ, ಮಲೇಷ್ಯಾದ ಸರ್ಕಾರಿ ಪಟ್ಟಿಯಲ್ಲಿ ಅದು ಡಿ197, ಅದಕ್ಕೆ ಜನ ಸಾಲು ನಿಲ್ಲುವುದು ಈ ಕಹಿಗೇ. ತಿಳಿದವರು ಮೊದಲು ಸಿಹಿ ತಳಿ ತೆಗೆಯುತ್ತಾರೆ, ಕಹಿ ಇರೋದು ಕೊನೆಗೆ. ಉಲ್ಟಾ ಮಾಡಿದರೆ ಸಿಹಿ ಹಣ್ಣು ಸಪ್ಪೆ ಅನಿಸುತ್ತೆ.

ಬಿದ್ದ ದಿನವೇ ತಿನ್ನಬೇಕು. ಆಮೇಲೆ ಒಳಗೇ ಹುಳಿ ಬರೋಕೆ ಶುರು, ವಾಸನೆಯೂ ಗಂಧಕದ ಕಡೆ ತಿರುಗುತ್ತೆ. ಜನ ಬೈಯುವುದು ಹೆಚ್ಚಾಗಿ ಈ ಹಳೇ ಹಣ್ಣಿನ ವಾಸನೆಗೆ. 2018ರಲ್ಲಿ ಮೆಲ್ಬರ್ನ್‌ನ ಒಂದು ವಿಶ್ವವಿದ್ಯಾಲಯದಲ್ಲಿ ಗ್ಯಾಸ್ ಲೀಕ್ ಅಂತ ಲೈಬ್ರರಿಯಿಂದ ನೂರಾರು ಜನರನ್ನು ಹೊರಗೆ ಕಳಿಸಿದರು, ಕೊನೆಗೆ ಹುಡುಕಿದರೆ ಕಪಾಟಿನಲ್ಲಿ ಕೊಳೆತ ಡುರಿಯನ್. ಸಿಂಗಪುರದ ಮೆಟ್ರೋದಲ್ಲಿ ತರಬೇಡಿ ಅಂತ ಬೋರ್ಡೇ ಇದೆ.

ಪೆನಾಂಗ್‌ಗೇ ಹೋಗುವ ಮನಸ್ಸಿದ್ದರೆ ಸೀಸನ್ ಜೂನ್, ಜುಲೈ. ಮಳೆ ನೋಡಿಕೊಂಡು ಹಿಂದೆ ಮುಂದೆ ಆಗುತ್ತೆ. 2023ರ ಡಿಸೆಂಬರ್‌ನಿಂದ ಭಾರತದವರಿಗೆ ಮಲೇಷ್ಯಾದಲ್ಲಿ 30 ದಿನಕ್ಕೆ ವೀಸಾ ಬೇಡ, ಈ ಸೌಲಭ್ಯ 2026ರ ಕೊನೆವರೆಗೆ ಅಂತ ಹೇಳಿದ್ದಾರೆ. ಟಿಕೆಟ್ ಮಾಡುವ ಮುಂಚೆ ಒಮ್ಮೆ ನೋಡಿಕೊಳ್ಳಿ.

ಮಾವಿನ ಮಂಡಿ, ಶ್ರೀನಿವಾಸಪುರ

ಪಾಯಸಕ್ಕೆ ಈರುಳ್ಳಿ ಅಂತ ನೀವೇ ಹೇಳಿದ ಮೇಲೆ ನಾನು ಇನ್ನೇನು ಹೇಳಲಿ ಅಣ್ಣಾ 😄

ನಂದಿ ತಪ್ಪಲು ಮೇಷ್ಟ್ರು, ಚಿಕ್ಕಬಳ್ಳಾಪುರ

ಪಾಸ್‌ಪೋರ್ಟ್ ಇಲ್ಲದವರಿಗೂ ದಾರಿ ಇದೆ. ನೀಲಗಿರಿಯ ಬರ್ಲಿಯಾರ್. ಊಟಿಯಿಂದ ಕೂನೂರು ದಾಟಿ ಮೆಟ್ಟುಪಾಳ್ಯಂ ಕಡೆ ಘಾಟಿ ಇಳಿಯುವಾಗ ರಸ್ತೆ ಪಕ್ಕದಲ್ಲೇ ತಮಿಳುನಾಡು ತೋಟಗಾರಿಕೆ ಇಲಾಖೆಯ ಹಳೇ ಹಣ್ಣಿನ ತೋಟ. ಬ್ರಿಟಿಷರ ಕಾಲದ್ದು. ಜಾಯಿಕಾಯಿ, ಲವಂಗ, ಮ್ಯಾಂಗೋಸ್ಟೀನ್, ರಂಬೂಟಾನ್, ಜೊತೆಗೆ ಡುರಿಯನ್. ಊಟಿಯ ಚಳಿ ಅಲ್ಲಿ ಇಲ್ಲ, ಸೆಖೆ ಮತ್ತು ತೇವ, ಅದಕ್ಕೇ ಅಲ್ಲಿ ಬೆಳೆಯುತ್ತೆ. ಡುರಿಯನ್ ಮರ ನೋಡಬೇಕು ಅಂದರೆ ಕತ್ತು ಹಿಂದಕ್ಕೆ ಬಾಗಿಸಬೇಕು, ಅಷ್ಟು ಎತ್ತರ. ಕಾಯಿ ಬಿಡುವುದು ದಪ್ಪ ಕೊಂಬೆಗಳ ಮೈಮೇಲೆ, ತುದಿಯಲ್ಲಲ್ಲ.

ಆದರೆ ಒಂದು ಮಾತು. ಅಲ್ಲಿ ಡುರಿಯನ್ ತಿಂದರೆ ಮಕ್ಕಳಾಗುತ್ತೆ ಅನ್ನೋ ನಂಬಿಕೆ ಗಟ್ಟಿ. ಸೀಸನ್ ಬಂತು ಅಂದರೆ ಎಲ್ಲೆಲ್ಲಿಂದಲೋ ದಂಪತಿಗಳು ಬಂದು ಹೇಳಿದ ರೇಟು ಕೊಟ್ಟು ಕೊಳ್ಳುತ್ತಾರೆ. ವೈದ್ಯರು ಯಾರೂ ಅದನ್ನು ಒಪ್ಪಲ್ಲ, ಬೆಲೆ ಮಾತ್ರ ಅದರಿಂದ ಏರಿ ಕೂತಿದೆ. ಮರ ಇರುವುದೇ ಕಡಿಮೆ. ನಮಗೆ, ನಿಮಗೆ ರುಚಿ ನೋಡೋಕೆ ಒಂದು ಹಣ್ಣು ಸಿಕ್ಕರೆ ಪುಣ್ಯ. ಸಿಗದಿದ್ದರೆ ಮ್ಯಾಂಗೋಸ್ಟೀನ್ ಅಂತೂ ರಸ್ತೆ ಬದಿ ಅಂಗಡಿಯಲ್ಲೇ ಸಿಗುತ್ತೆ. ಕೊಳ್ಳುವಾಗ ಸಿಪ್ಪೆ ಒತ್ತಿ ನೋಡಿ, ಸ್ವಲ್ಪ ಮೆತ್ತಗಿರಬೇಕು. ಕಲ್ಲಾಗಿದ್ದರೆ ಒಳಗೆ ಕೆಟ್ಟಿದೆ. ಬುಡದಲ್ಲಿ ಹೂವಿನ ಗುರುತು ಇರುತ್ತೆ, ಅದರಲ್ಲಿ ಎಷ್ಟು ಎಸಳೋ ಒಳಗೆ ಅಷ್ಟೇ ತೊಳೆ. ಮಕ್ಕಳಿಗೆ ಎಣಿಸೋಕೆ ಕೊಡಿ, ಕಾರಲ್ಲಿ ಗಲಾಟೆ ಮಾಡಲ್ಲ.

ದಾರಿ: ಮೈಸೂರು, ಗುಂಡ್ಲುಪೇಟೆ, ಬಂಡೀಪುರ, ಗೂಡಲೂರು, ಊಟಿ. ಬಂಡೀಪುರದ ಕಾಡು ರಸ್ತೆ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಬಂದ್, ಅದನ್ನು ಲೆಕ್ಕ ಹಾಕಿಕೊಂಡು ಹೊರಡಿ. ನೀಲಗಿರಿಗೆ 2024ರ ಮೇ ತಿಂಗಳಿಂದ ಇ-ಪಾಸ್ ಬೇಕು, ಆನ್‌ಲೈನ್‌ನಲ್ಲೇ ಮಾಡಬಹುದು. ಪ್ಲಾಸ್ಟಿಕ್ ನೀರಿನ ಬಾಟಲಿ ಇದ್ದರೆ ಚೆಕ್‌ಪೋಸ್ಟಲ್ಲಿ ತೆಗೆದುಕೊಳ್ಳುತ್ತಾರೆ. ತುಮಕೂರಿನಿಂದ ಶನಿವಾರ-ಭಾನುವಾರಕ್ಕೆ ಇದು ಬಿಗಿ. ಸೋಮವಾರ ರಜೆ ಹಾಕಿ.

ಘಟ್ಟದ ಕೆಳಗಿನ ಅಳಿಯ

ನಾನು ತುಮಕೂರಿನವನೇ, ಹೆಂಡತಿ ತವರು ಬೆಳ್ತಂಗಡಿ ಕಡೆ. ಊಟಿ ಸುತ್ತುವ ಬದಲು ದಕ್ಷಿಣ ಕನ್ನಡಕ್ಕೆ ಹೋಗಿ ಅನ್ನೋದು ನನ್ನ ಮಾತು. ತಿಪಟೂರು, ಅರಸೀಕೆರೆ, ಹಾಸನ, ಸಕಲೇಶಪುರ, ಶಿರಾಡಿ ಘಾಟಿ, ಇಳಿದರೆ ಮುಗೀತು. ಅಲ್ಲಿ ಅಡಿಕೆ ರೋಗ, ಅಡಿಕೆ ರೇಟು ಎರಡನ್ನೂ ನೋಡಿ ಸಾಕಾಗಿ ಎಷ್ಟೋ ಜನ ರಂಬೂಟಾನ್, ಮ್ಯಾಂಗೋಸ್ಟೀನ್ ಕಡೆ ತಿರುಗಿದ್ದಾರೆ. ಅಂಥ ತೋಟಗಳಲ್ಲಿ ಕೆಲವರು ಡುರಿಯನ್ನೂ ಹಾಕಿದ್ದಾರೆ. ಗಿಡ ಹೆಚ್ಚಾಗಿ ಕೇರಳದ ನರ್ಸರಿಗಳಿಂದ ಬಂದಿದ್ದು. ಹಣ್ಣು ಬರುವುದು ಮಳೆಗಾಲದಲ್ಲಿ, ಹೆಚ್ಚುಕಡಿಮೆ ಜೂನ್ ಕೊನೆಯಿಂದ ಆಗಸ್ಟ್‌ವರೆಗೆ. ರಂಬೂಟಾನ್ ಕೂಡ ಅದೇ ಹೊತ್ತಿಗೆ. ಹಾಗಾಗಿ ಡುರಿಯನ್ ಇಲ್ಲದಿದ್ದರೂ ಬರಿಗೈಲಿ ಬರಲ್ಲ.

ತೋಟದವರ ಜೊತೆ ನಡೆದುಕೊಳ್ಳುವ ಬಗ್ಗೆ ಒಂದಿಷ್ಟು ಹೇಳಲೇಬೇಕು, ಯಾಕೆಂದರೆ ನಮ್ಮ ಭಾವನ ಮನೆಗೇ ಹೀಗೆ ಜನ ಬರುತ್ತಾರೆ. ಗೂಗಲ್‌ನಲ್ಲಿ ಹೆಸರು ಸಿಕ್ಕಿತು ಅಂತ ಕಾರು ತಿರುಗಿಸಿ ನೇರ ಅಂಗಳಕ್ಕೆ ನುಗ್ಗಬೇಡಿ. ಹಿಂದಿನ ವಾರವೇ ಫೋನ್ ಮಾಡಿ, ಹಣ್ಣು ಬೀಳುತ್ತಿದೆಯಾ ಕೇಳಿ, ಎಷ್ಟು ಜನ ಬರುತ್ತೀರಿ ಅಂತ ಹೇಳಿ, ರೇಟು ಫೋನಲ್ಲೇ ಮಾತಾಡಿಕೊಳ್ಳಿ. ಹೊರಡುವ ಹಿಂದಿನ ರಾತ್ರಿ ಮತ್ತೆ ಫೋನ್ ಮಾಡಿ. ಒಂದು ಮರದಿಂದ ದಿನಕ್ಕೆ ಎರಡೋ ನಾಲ್ಕೋ ಬೀಳುವುದು, ಅದನ್ನು ನಿಮಗೆ ಅಂತ ಎತ್ತಿಟ್ಟಿರುತ್ತಾರೆ, ನೀವು ಹೋಗದಿದ್ದರೆ ಅದು ಹಾಳು. ತೂಕ ಚಿಪ್ಪಿನ ಸಮೇತ. ಚಿಪ್ಪು, ಬೀಜ ಕಳೆದರೆ ತಿನ್ನೋಕೆ ಸಿಗುವುದು ಕಾಲು ಭಾಗ, ಹೆಚ್ಚೆಂದರೆ ಮೂರನೇ ಒಂದು ಭಾಗ. ಮೂರು ಕೆ.ಜಿ. ಹಣ್ಣಿಗೆ ದುಡ್ಡು ಕೊಟ್ಟು ಇಷ್ಟೇನಾ ಅಂತ ಮುಖ ಸಣ್ಣ ಮಾಡಿಕೊಂಡವರನ್ನು ನೋಡಿದ್ದೇನೆ. ಹಲಸಿನ ಹಣ್ಣು ಪಕ್ಕದ ಮನೆಯವರು ಸುಮ್ನೆ ಕೊಡುತ್ತಾರೆ, ಇದು ಹಾಗಲ್ಲ.

ಜಿಗಣೆ ಇರುತ್ತೆ. ಚಪ್ಪಲಿ ಬೇಡ, ಬೂಟು ಹಾಕಿ. ಘಾಟಿಯಲ್ಲಿ ಗುಡ್ಡ ಕುಸಿದು ರಸ್ತೆ ಬಂದ್ ಆಗುವ ಕಾಲ ಅದೇ, ಹೊರಡುವ ಬೆಳಗ್ಗೆ ಸುದ್ದಿ ನೋಡಿ. ಶಿರಾಡಿ ಬಂದ್ ಆದರೆ ಚಾರ್ಮಾಡಿ.

ಚೇಳೂರು ಹಲಸು

ಗುಬ್ಬಿಯವರೇ, ನಾನು ನಿಮ್ಮ ತಾಲ್ಲೂಕಿನವನೇ. ಗಿಡದ ವಿಷಯಕ್ಕೆ ನಾನು ಉತ್ತರ ಕೊಡುತ್ತೇನೆ. ಹಾಕಬೇಡಿ.

ಮೂರನೇ ವರ್ಷಕ್ಕೆ ಹಣ್ಣು ಅನ್ನೋದು ಮಾರುವವರ ಮಾತು. ಒಳ್ಳೇ ಕಸಿ ಗಿಡ, ಒಳ್ಳೇ ಜಾಗ ಸಿಕ್ಕರೂ ನಾಲ್ಕೈದು ವರ್ಷ ಬೇಕು. ಬೀಜದ ಗಿಡಕ್ಕೆ ಎಂಟು-ಹತ್ತು ವರ್ಷ, ಕೆಲವಕ್ಕೆ ಇನ್ನೂ ಜಾಸ್ತಿ. ಅದೂ ಅದರ ಸೀಮೆಯಲ್ಲಿ. ಡುರಿಯನ್ ಕೇಳುವುದು ವರ್ಷಕ್ಕೆ ಒಂದೂವರೆ-ಎರಡು ಸಾವಿರ ಮಿಲಿಮೀಟರ್ ಮಳೆ, ಅದೂ ಹಂಚಿಕೊಂಡು ಬೀಳಬೇಕು. ನಮ್ಮಲ್ಲಿ ಬೀಳುವುದು ಏಳು ನೂರರ ಆಸುಪಾಸು, ಕೆಲವು ವರ್ಷ ಅದೂ ಇಲ್ಲ. ನೀರು ಹನಿ ಹಾಯಿಸಿ ಕೊಟ್ಟೆ ಅಂತಲೇ ಇಟ್ಟುಕೊಳ್ಳಿ, ಗಾಳಿಯ ತೇವ ಎಲ್ಲಿಂದ ತರುತ್ತೀರಿ? ಫೆಬ್ರವರಿಯಿಂದ ಏಪ್ರಿಲ್‌ವರೆಗೆ ನಮ್ಮ ಒಣ ಗಾಳಿಗೆ ಎಲೆ ಅಂಚು ಸುಟ್ಟು ಉದುರುತ್ತೆ. ಡಿಸೆಂಬರ್-ಜನವರಿಯ ರಾತ್ರಿ ಚಳಿಯೂ ಅದಕ್ಕೆ ಆಗಲ್ಲ. ಕೋಲಾರ, ಚಿಕ್ಕಬಳ್ಳಾಪುರದಲ್ಲಿ ಚಳಿ ನಮಗಿಂತ ಸ್ವಲ್ಪ ಜಾಸ್ತಿನೇ. ಇನ್ನು ಬೇರು. ನೀರು ಬೇಕು, ಆದರೆ ನೀರು ನಿಲ್ಲಬಾರದು. ನಿಂತರೆ ಬುಡ ಕೊಳೆಯುವ ರೋಗ, ಫೈಟಾಪ್ತೊರಾ ಅಂತಾರಲ್ಲ, ಅಡಿಕೆಗೆ ಕೊಳೆ ರೋಗ ತರುವುದೂ ಅದರ ಬಳಗವೇ. ಅಡಿಕೆ ತೋಟದ ತಗ್ಗಿನಲ್ಲಿ ಇದನ್ನು ಹಾಕಿದರೆ ಎರಡೂ ಒಂದೇ ರೋಗಕ್ಕೆ ಬಾಯಿ ಬಿಟ್ಟು ಕೂತ ಹಾಗೆ.

ಹೂ ಬಿಟ್ಟರೂ ಕಾಯಿ ಕಟ್ಟುತ್ತೆ ಅನ್ನೋ ಭರವಸೆ ಇಲ್ಲ. ಹೂ ಅರಳುವುದು ಸಂಜೆ ಮೇಲೆ, ಪರಾಗಸ್ಪರ್ಶ ಮಾಡುವುದು ಮುಖ್ಯವಾಗಿ ಬಾವಲಿ. ಎಷ್ಟೋ ತಳಿಗಳಲ್ಲಿ ತನ್ನದೇ ಪರಾಗ ತನಗೆ ಕೂಡಲ್ಲ, ಪಕ್ಕದಲ್ಲಿ ಬೇರೆ ತಳಿಯ ಮರ ಬೇಕು. ಒಂದೇ ಗಿಡ ಹಾಕಿ ಕಾಯುವವರಿಗೆ ಸಿಗುವುದು ನೆರಳು.

ಮರದ ಹಣ್ಣೇ ಬೇಕು ಅಂದರೆ ನಿಮ್ಮ ಪಕ್ಕದಲ್ಲೇ ಏನಿದೆ ನೋಡಿ. ನಮ್ಮ ಚೇಳೂರಿನ ಸಿದ್ದು ಹಲಸು, ತಾಮ್ರದ ಕೆಂಪು ತೊಳೆ, ಹಣ್ಣು ಸರಾಸರಿ ಎರಡೂವರೆ ಕೆ.ಜಿ. ಅಷ್ಟೇ. ಒಂದು ಮನೆಗೆ ಒಂದು ಹಣ್ಣು, ಮಿಗಲ್ಲ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆ 2017ರಲ್ಲಿ ರೈತರ ಜೊತೆ ಒಪ್ಪಂದ ಮಾಡಿಕೊಂಡು ಕಸಿ ಗಿಡ ಮಾಡಿಸಿತು. ಅದರ ಹಿರೇಹಳ್ಳಿ ಕೇಂದ್ರ ತುಮಕೂರಿನ ಪಕ್ಕದಲ್ಲೇ ಇದೆ. ಹಿತ್ತಲ ಗಿಡ ಮದ್ದಲ್ಲ ಅಂತ ಬಿಟ್ಟು ಬಾವಲಿ ಹುಡುಕಿಕೊಂಡು ಹೋಗುತ್ತೀರಲ್ಲ! ತಿನ್ನೋಕೆ ಹೋಗಿ, ಬೇಡ ಅನ್ನಲ್ಲ. ನೆಡೋಕೆ ಬೇಡ.

ಪೆನಾಂಗ್ ರಿಟರ್ನ್, ಕೋಲಾರ

ಚೇಳೂರಿನವರ ಮಾತಿಗೆ ನನ್ನ ಸಹಿ ಇದೆ, ಒಂದನ್ನು ಬಿಟ್ಟು. ಸಿದ್ದು ಹಲಸು ಇದೆ ಅಂತ ಡುರಿಯನ್ ಬೇಡ ಅನ್ನೋ ದನಿ ಅದರಲ್ಲಿದೆ. ಎರಡಕ್ಕೂ ಹೋಲಿಕೆನೇ ಇಲ್ಲ ಸ್ವಾಮಿ. ಹಲಸು ಸಿಹಿ ಮತ್ತು ಘಮ. ಇದು ಕೊಬ್ಬು ಮತ್ತು ಕಹಿ. ನೂರು ಗ್ರಾಂ ಡುರಿಯನ್‌ನಲ್ಲಿ ಐದು ಗ್ರಾಂ ಕೊಬ್ಬು ಇರುತ್ತೆ, ಹಣ್ಣಿಗೆ ಅದು ಜಾಸ್ತಿ.

ಚೇಳೂರು ಹಲಸು

ಒಪ್ಪಿದೆ. ನೀವು ಜೂನ್‌ನಲ್ಲಿ ಬನ್ನಿ, ಒಪ್ಪಿಗೆ ವಾಪಸ್ ತೆಗೆದುಕೊಳ್ಳುತ್ತೇನೆ.

ಲ್ಯಾಬ್ ಅಕ್ಕ, ತುಮಕೂರು

ಅಮ್ಮನ ಶುಗರ್ ಬಗ್ಗೆ ಯಾರೂ ಉತ್ತರ ಕೊಡಲಿಲ್ಲ, ನೀವೆಲ್ಲ ಗಂಡಸರೇ ಅಂತ ಕಾಣುತ್ತೆ. ನಾನು ಡಾಕ್ಟರ್ ಅಲ್ಲ, ಲ್ಯಾಬಲ್ಲಿ ಕೆಲಸ. ಅಮ್ಮನ ಡಾಕ್ಟರನ್ನು ಕೇಳಿಯೇ ಹೊರಡಿ. ನೂರು ಗ್ರಾಂ ತೊಳೆಯಲ್ಲಿ ಸುಮಾರು 27 ಗ್ರಾಂ ಕಾರ್ಬೋಹೈಡ್ರೇಟ್, ಹತ್ತಿರ ಹತ್ತಿರ 150 ಕ್ಯಾಲೊರಿ. ದೊಡ್ಡ ತೊಳೆ ಎರಡು ತಿಂದರೆ ನೂರು ಗ್ರಾಂ ಸಲೀಸಾಗಿ ದಾಟುತ್ತೆ. ಒಂದು ತೊಳೆ, ಅವತ್ತಿನ ಊಟದ ಅನ್ನ ಕಡಿಮೆ, ಅಷ್ಟೇ ಅಂತ ಮನೆಯಲ್ಲೇ ಮಾತಾಡಿಕೊಂಡು ಹೊರಡಿ. ಶೆಡ್ಡಲ್ಲಿ ಕೂತ ಮೇಲೆ ಅಮ್ಮಂದಿರು ಮಾತು ಕೇಳಲ್ಲ.

ಕಿಡ್ನಿ ತೊಂದರೆ ಇದ್ದವರು ಇನ್ನೂ ಜಾಸ್ತಿ ಹುಷಾರು. ಪೊಟ್ಯಾಸಿಯಂ ಬಾಳೆಹಣ್ಣಿಗಿಂತಲೂ ಜಾಸ್ತಿ, ನೂರು ಗ್ರಾಮಿಗೆ ನಾನೂರು ಮಿಲಿಗ್ರಾಂ ಮೇಲೆ. ಕ್ರಿಯಾಟಿನಿನ್ ಏರಿದವರು ತಿನ್ನದಿರುವುದೇ ಒಳ್ಳೆಯದು.

ಕಾರಲ್ಲಿ ಗಂಡಸರು ಇದ್ದರೆ ಅವರಿಗೂ ಒಂದು ಮಾತು. ಡುರಿಯನ್ ತಿಂದ ದಿನ ಡ್ರಿಂಕ್ಸ್ ಬೇಡ. ಜಪಾನಿನ ತ್ಸುಕುಬಾ ವಿಶ್ವವಿದ್ಯಾಲಯದವರು 2009ರಲ್ಲಿ ಲ್ಯಾಬ್ ಪರೀಕ್ಷೆಯಲ್ಲಿ ತೋರಿಸಿದ್ದು, ಮದ್ಯವನ್ನು ದೇಹ ಕರಗಿಸುವ ಒಂದು ಕಿಣ್ವವನ್ನು ಡುರಿಯನ್ ಸಾರ ತಡೆಯುತ್ತೆ ಅಂತ. ಎರಡೂ ಸೇರಿದರೆ ಸಾಯುತ್ತಾರೆ ಅನ್ನೋ ವಾಟ್ಸಾಪ್ ಕಥೆ ನಂಬಬೇಡಿ. ಮುಖ ಕೆಂಪಾಗಿ, ವಾಂತಿ ಬಂದು, ಘಾಟಿಯಲ್ಲಿ ಕಾರು ನಿಲ್ಲಿಸೋ ಹಾಗಾದರೆ ಅದೂ ಸಾಕಲ್ಲ?

ಮಲೇಷ್ಯಾ ಕಡೆಯವರೂ ನಮ್ಮ ಹಾಗೇ ಉಷ್ಣ, ತಂಪು ನೋಡುತ್ತಾರಂತೆ. ಡುರಿಯನ್ ಉಷ್ಣ, ಮೇಲೆ ಮ್ಯಾಂಗೋಸ್ಟೀನ್ ತಿಂದರೆ ತಂಪು. ನನಗೆ ಇದು ಇಷ್ಟ ಆಯಿತು.

ಗುಬ್ಬಿ ತೋಟದವ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇಷ್ಟೊಂದು ವಿವರ ಸಿಗುತ್ತೆ ಅಂತ ಅಂದುಕೊಂಡಿರಲಿಲ್ಲ. ಗಿಡದ ಆಸೆ ಬಿಟ್ಟೆ, ಆ ದುಡ್ಡಿಗೆ ಸಿದ್ದು ಕಸಿ ತರುತ್ತೇನೆ, ಹಿರೇಹಳ್ಳಿ ಕೂಗಳತೆ ದೂರ. ಅಮ್ಮನಿಗೆ ಲ್ಯಾಬ್ ಅಕ್ಕನ ಮಾತು ಓದಿ ಹೇಳಿದೆ. ಒಂದು ತೊಳೆ ಅನ್ನೋದಕ್ಕೆ ಒಪ್ಪಿದ್ದಾರೆ, ಆದರೆ ತೊಳೆ ತಾನೇ ಆರಿಸುತ್ತಾರಂತೆ.

ದಕ್ಷಿಣ ಕನ್ನಡವೇ ಸರಿ ಅನಿಸುತ್ತಿದೆ. ಬರ್ಲಿಯಾರ್ ದೂರ, ಅಮ್ಮನಿಗೆ ಘಾಟಿ ಮೇಲೆ ಘಾಟಿ ಆಗಲ್ಲ. ಇನ್ನೆರಡು ಪ್ರಶ್ನೆ. ಒಂದು, ಮನೆಗೆ ಒಂದು ಹಣ್ಣು ತರಬಹುದಾ? ಎರಡು, ಬೀಜ ಏನು ಮಾಡುತ್ತಾರೆ? ಹಲಸಿನ ಬೀಜ ಎಸೆದರೆ ನಮ್ಮ ಮನೆಯಲ್ಲಿ ಯುದ್ಧ ಆಗುತ್ತೆ.

ಘಟ್ಟದ ಕೆಳಗಿನ ಅಳಿಯ

ಕಾರಲ್ಲಿ ಇಡಿ ಹಣ್ಣು ತರುವ ಯೋಚನೆ ಬಿಡಿ. ಎಸಿ ಹಾಕಿ ಕಿಟಕಿ ಮುಚ್ಚಿದರೆ ಸಕಲೇಶಪುರ ಮುಟ್ಟುವ ಮುಂಚೆ ಒಬ್ಬರಿಗೊಬ್ಬರು ಮಾತು ಬಿಟ್ಟಿರುತ್ತೀರಿ. ಸೀಟಿಗೆ ಹಿಡಿದ ವಾಸನೆ ವಾರಗಟ್ಟಲೆ ಹೋಗಲ್ಲ. ತರಲೇಬೇಕು ಅಂದರೆ ತೋಟದಲ್ಲೇ ಬಿಡಿಸಿ, ತೊಳೆ ಮಾತ್ರ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಗೆ ಹಾಕಿ, ಮೇಲೆ ಪ್ಲಾಸ್ಟಿಕ್ ಸುತ್ತಿ, ಐಸ್ ಬಾಕ್ಸಲ್ಲಿ ಡಿಕ್ಕಿಗೆ. ಅವತ್ತೇ ರಾತ್ರಿ ತಿಂದು ಮುಗಿಸಿ, ಇಲ್ಲ ಫ್ರೀಜರ್‌ಗೆ ಹಾಕಿ. ಬಸ್ಸಲ್ಲಿ ಮಾತ್ರ ಬೇಡ. ನಮ್ಮ ಕೆಂಪು ಬಸ್ಸಿನ ಕಂಡಕ್ಟರ್ ನಿಮ್ಮನ್ನು ಹಣ್ಣಿನ ಸಮೇತ ಯಡಕುಮೇರಿ ಕಾಡಲ್ಲಿ ಇಳಿಸುತ್ತಾರೆ.

ಪೆನಾಂಗ್ ರಿಟರ್ನ್, ಕೋಲಾರ

ಬೀಜ ಬೇಯಿಸಿ ತಿನ್ನಬಹುದು, ಹಸಿಯಾಗಿ ಬೇಡ. ಉಪ್ಪು ಹಾಕಿ ಚೆನ್ನಾಗಿ ಬೇಯಿಸಿ, ಮೇಲಿನ ಸಿಪ್ಪೆ ತೆಗೆಯಿರಿ. ಹಲಸಿನ ಬೀಜಕ್ಕಿಂತ ಸ್ವಲ್ಪ ಲೋಳೆ, ರುಚಿ ಸಪ್ಪೆ. ಹುಳಿಗೆ ಹಾಕಿದರೆ ಗೊತ್ತೇ ಆಗಲ್ಲ. ಆದರೆ ಮುಸಾಂಗ್ ಕಿಂಗ್ ತರಹದ ತಳಿಯಲ್ಲಿ ಬೀಜ ಬತ್ತಿ ಚಪ್ಪಟೆಯಾಗಿರುತ್ತೆ, ಬೇಯಿಸೋಕೆ ಏನೂ ಉಳಿಯಲ್ಲ.

ಕೈ ವಾಸನೆಗೆ ಸೋಪು ಉಜ್ಜಿದರೆ ಬೇಗ ಹೋಗಲ್ಲ. ಖಾಲಿ ಚಿಪ್ಪಿನ ಒಳಗೆ, ತೊಳೆ ಇದ್ದ ಗುಳಿಯಲ್ಲಿ ನೀರು ಹುಯ್ದು ಅದರಲ್ಲೇ ಕೈ ತೊಳೆಯಿರಿ. ಅಲ್ಲಿ ಎಲ್ಲರೂ ಹಾಗೇ ಮಾಡುತ್ತಾರೆ, ಹೋಗುತ್ತೆ ಕೂಡ. ಬಾಯಿ ವಾಸನೆಗೂ ಅದೇ ಚಿಪ್ಪಿನ ನೀರು ಕುಡಿಯುತ್ತಾರೆ. ಅದು ನನಗೆ ಕೆಲಸ ಮಾಡಲಿಲ್ಲ.

ಮತ್ತೆ, ಹಸಿದು ಹಲಸು ಉಂಡು ಮಾವು ಅಂತಾರಲ್ಲ, ಇದನ್ನು ಹಲಸಿನ ಲೆಕ್ಕಕ್ಕೆ ಸೇರಿಸಿಕೊಳ್ಳಿ. ಬೆಳಗ್ಗೆ ಸಕಲೇಶಪುರದಲ್ಲಿ ದೋಸೆ ಮೇಲೆ ದೋಸೆ ತಿಂದು ತೋಟಕ್ಕೆ ಹೋದರೆ ಎರಡನೇ ತೊಳೆಗೇ ಸಾಕಾಗುತ್ತೆ.

ಮಾವಿನ ಮಂಡಿ, ಶ್ರೀನಿವಾಸಪುರ

ನನಗೂ ಕಾರಲ್ಲಿ ಒಂದು ಸೀಟು ಇದೆಯಾ? ತಿನ್ನೋಕಲ್ಲ, ಬೈಯೋಕೆ.

ಗುಬ್ಬಿ ತೋಟದವ

ಇದೆ ಅಣ್ಣ. ಹಿಂದಿನ ಸೀಟು, ಐಸ್ ಬಾಕ್ಸ್ ಪಕ್ಕ. ಬರುವಾಗ ಒಂದು ಬುಟ್ಟಿ ಮಲ್ಲಿಕಾ ತನ್ನಿ, ಜುಲೈ ಮೊದಲ ವಾರಕ್ಕೆ ಇನ್ನೂ ಸಿಗುತ್ತೆ ಅಲ್ವಾ?